ಅಂಬಾಸಿಡರ್ ಮಾರ್ಕ್ 2: ಹಳೆ ಟ್ಯಾಪೆಟ್‌ಗೆ ಗ್ರೈಂಡಿಂಗಾ, ಹೊಸದಾ, ಹೈಡ್ರಾಲಿಕ್ಕಾ?

ನಮಸ್ಕಾರ ಸರ್. ನಿಮ್ಮ ಅಂಬಾಸಿಡರ್‌ನ ಟ್ಯಾಪೆಟ್ (ಕ್ಯಾಮ್ ಮೇಲೆ ಕೂತು ವಾಲ್ವ್ ಕಡೆಗಿನ ಪುಶ್‌ರಾಡ್ ಎಂಬ ಕಡ್ಡಿಯನ್ನು ಎತ್ತುವ ಸಣ್ಣ ಬಿಡಿಭಾಗ) ತಳದಲ್ಲಿ ಗುಳಿ ಬಿದ್ದಿವೆ, ಕ್ಯಾಮ್ (ವಾಲ್ವ್ ತೆರೆಸುವ ಉಬ್ಬುಗಳಿರುವ ಶಾಫ್ಟ್) ಚೆನ್ನಾಗಿದೆ ಅಂದಿದ್ದೀರಿ. ಹಳೆಯದನ್ನೇ ಗ್ರೈಂಡ್ ಮಾಡಿಸಲಾ, ಹೊಸದು ಹಾಕಲಾ, ಹೈಡ್ರಾಲಿಕ್ ಹಾಕಲಾ ಅಂತ ಕೇಳಿದ್ದೀರಿ.

ಹೈಡ್ರಾಲಿಕ್ (ಆಯಿಲ್ ಒತ್ತಡದಿಂದ ತಾನೇ ಸಂದು ಸರಿಮಾಡಿಕೊಳ್ಳುವ ಟ್ಯಾಪೆಟ್) ಬೇಡವೇ ಬೇಡ. ನಿಮ್ಮ 1489 ಸಿಸಿ ಎಂಜಿನ್‌ನಲ್ಲಿ ಟ್ಯಾಪೆಟ್‌ಗೆ ಪ್ರೆಶರ್ ಆಯಿಲ್ ಹೋಗುವ ದಾರಿ ಇಲ್ಲ. ಅದರ ಕ್ಯಾಮ್ ಕೂಡ ಸಾಲಿಡ್, ಅಂದರೆ ಹೈಡ್ರಾಲಿಕ್ ಅಲ್ಲದ ಮಾಮೂಲಿ ಟ್ಯಾಪೆಟ್‌ಗೆಂದೇ ಮಾಡಿದ್ದು.

ಇನ್ನು ಗ್ರೈಂಡಿಂಗ್. ಬೆಳಗಾವಿಯ ಉದ್ಯಮಬಾಗದಲ್ಲಿ ಮಷೀನ್ ಶಾಪ್‌ಗಳಿಗೆ ಬರ ಇಲ್ಲ, ಆದರೆ ಸುಮ್ನೆ ಚಪ್ಪಟೆ ಮಾಡಿಸಬೇಡಿ. ಟ್ಯಾಪೆಟ್ ತಳ ಕಣ್ಣಿಗೆ ಕಾಣದಷ್ಟು ಉಬ್ಬಿರುತ್ತದೆ, ಕ್ಯಾಮ್ ಲೋಬ್ (ಕ್ಯಾಮ್ ಮೇಲಿನ ಉಬ್ಬು) ಸ್ವಲ್ಪ ಓರೆ ಇರುತ್ತದೆ. ಅದರಿಂದಲೇ ಟ್ಯಾಪೆಟ್ ತಿರುಗುತ್ತಾ ಕೆಲಸ ಮಾಡುತ್ತದೆ. ತಿರುಗದಿದ್ದರೆ ಒಂದೇ ಜಾಗ ಉಜ್ಜಿ ಕ್ಯಾಮ್ ಹಾಳು. ಎರಡು ಟ್ಯಾಪೆಟ್‌ಗಳ ತಳ ಒಂದಕ್ಕೊಂದು ಒತ್ತಿ ಬೆಳಕಿಗೆ ಹಿಡಿಯಿರಿ. ಅಂಚಿನಲ್ಲಿ ಸಣ್ಣಗೆ ಬೆಳಕು ಕಂಡರೆ ಉಬ್ಬು ಉಳಿದಿದೆ. ಗಟ್ಟಿ ಪದರವೂ ತೆಳು, ಗುಳಿ ಹೋಗುವವರೆಗೆ ತೇಯ್ದರೆ ಮೆದು ಕಬ್ಬಿಣ ಬರಬಹುದು.

ಹಾಗಾಗಿ ನನ್ನ ಮಾತು: ಎಂಟೂ ಹೊಸದು ಹಾಕಿ. ಕ್ಯಾಮ್ ಲೋಬ್‌ಗಳನ್ನು ಮೈಕ್ರೋಮೀಟರ್‌ನಲ್ಲಿ ಅಳೆಸಿ, ಸವೆದಿದ್ದರೆ ಅದನ್ನೂ ಬದಲಿಸಿ. ಹಳೆ ಟ್ಯಾಪೆಟ್‌ಗಳನ್ನು ಹೊಸ ಕ್ಯಾಮ್ ಮೇಲೆ ಯಾವತ್ತೂ ಕೂರಿಸಬೇಡಿ.

ಜೋಡಿಸುವಾಗ ಲೋಬ್‌ಗೂ ಟ್ಯಾಪೆಟ್ ತಳಕ್ಕೂ ಮೋಲಿ ಪೇಸ್ಟ್ (ಸವೆತ ತಡೆಯುವ ಮಾಲಿಬ್ಡಿನಮ್ ಪೇಸ್ಟ್) ಸವರಿ. ಸ್ಟಾರ್ಟ್ ಆದ ಕೂಡಲೇ ಸ್ಲೋದಲ್ಲಿ (ಐಡಲ್‌ನಲ್ಲಿ) ಬಿಡಬೇಡಿ, 2000ದಿಂದ 2500 ಆರ್‌ಪಿಎಂನಲ್ಲಿ ಸುಮಾರು 20 ನಿಮಿಷ ಓಡಿಸಿ. ಸ್ಲೋದಲ್ಲಿ ಕ್ಯಾಮ್‌ಗೆ ಚಿಮ್ಮುವ ಆಯಿಲ್ ಸಾಲುವುದಿಲ್ಲ. ಈಗಿನ ಪೆಟ್ರೋಲ್ ಕಾರಿನ ಆಯಿಲ್‌ಗಳಲ್ಲಿ ಸವೆತ ತಡೆಯುವ ಜಿಂಕ್ ಕಡಿಮೆ, ಜಿಂಕ್ ಜಾಸ್ತಿ ಇರುವುದನ್ನೇ ಕೇಳಿ ತನ್ನಿ. ಎಂಜಿನ್ ಓಡುವಾಗ ಪುಶ್‌ರಾಡ್‌ಗಳು ನಿಧಾನಕ್ಕೆ ತಿರುಗುತ್ತಿವೆಯಾ ನೋಡಿ. ಒಂದು ತಿರುಗದಿದ್ದರೂ ತಕ್ಷಣ ಬಂದ್ ಮಾಡಿ, ಎಂಜಿನ್ ಪಕ್ಕದ ಕವರ್ ಬಿಚ್ಚಿ ಆ ಟ್ಯಾಪೆಟ್ ಪರೀಕ್ಷಿಸಿ.