ಲೈನಿಂಗ್ ಹಾಕಿದ ಮೇಲೆ ಕೋಟು ಕೆಟ್ಟಿತೆ? ಎಲ್ಲ ಬಿಚ್ಚಬೇಡಿ

ಪ್ರಶ್ನೆ: ನಮ್ಮ ನಾಟಕದಲ್ಲಿ 1791ರ ಬೆಂಗಳೂರು ಕೋಟೆ ಮುತ್ತಿಗೆಯ ದೃಶ್ಯವಿದೆ. ಅದಕ್ಕೆ ಇಂಗ್ಲಿಷ್ ಅಧಿಕಾರಿಯ ಕೆಂಪು ಕೋಟು ಹೊಲಿದಿದ್ದೇನೆ. ಹೊರಬಟ್ಟೆ ಟೆರಿವುಲ್ (ಪಾಲಿಯೆಸ್ಟರ್-ಉಣ್ಣೆ ಮಿಶ್ರಣ), ಲೈನಿಂಗ್ ಬಿಳಿ ಕೇಂಬ್ರಿಕ್ (ಹತ್ತಿ ಬಟ್ಟೆ). ಲೈನಿಂಗ್ ಇಲ್ಲದೆ ಟ್ರಯಲ್ ನೋಡಿದಾಗ ಚೆನ್ನಾಗಿ ಕೂತಿತ್ತು. ಅದೇ ಕಟಿಂಗಿನಲ್ಲಿ ಲೈನಿಂಗ್ ಕತ್ತರಿಸಿ ಕೂಡಿಸಿದೆ. ಈಗ ಬೆನ್ನಿನಲ್ಲಿ ಅಡ್ಡ ಸುಕ್ಕು, ಕೈ ಎತ್ತಿದರೆ ಇಡೀ ಕೋಟೇ ಮೇಲೇರುತ್ತದೆ, ಹಿಂದಿನ ಕೆಳ ಅಂಚು ಒಳಕ್ಕೆ ಸುರುಳಿಕೊಳ್ಳುತ್ತದೆ. ಪ್ರದರ್ಶನಕ್ಕೆ 10 ದಿನ ಉಳಿದಿದೆ. ಎಲ್ಲ ಬಿಚ್ಚಬೇಕೆ?
– ಹನುಮಂತನಗರದ ಓದುಗರು

ಉತ್ತರ: ಬೇಡ. ಲೈನಿಂಗ್ ಇಲ್ಲದಾಗ ಸರಿಯಾಗಿತ್ತು ಅಂದಮೇಲೆ ಹೊರಬಟ್ಟೆಯ ಕಟಿಂಗ್ ಸರಿ ಇದೆ, ಅದನ್ನು ಮುಟ್ಟಲೇಬೇಡಿ. ತಪ್ಪಾಗಿರುವುದು "ಅದೇ ಕಟಿಂಗ್" ಎನ್ನುವಲ್ಲಿ. ಟೆರಿವುಲ್ ಇಸ್ತ್ರಿಗೆ ಸ್ವಲ್ಪ ಬಗ್ಗುತ್ತದೆ, ಮೈಗೆ ತಕ್ಕಂತೆ ಎಳೆದುಕೊಳ್ಳುತ್ತದೆ. ಒತ್ತಾಗಿ ನೇಯ್ದ ಕೇಂಬ್ರಿಕ್ ಒಂದಿಷ್ಟೂ ಬಗ್ಗುವುದಿಲ್ಲ. ಎರಡೂ ಒಂದೇ ಅಳತೆಯಲ್ಲಿದ್ದರೆ ಬಗ್ಗದ ಬಟ್ಟೆ ಹೇಳಿದಂತೆ ಬಗ್ಗುವ ಬಟ್ಟೆ ಕುಣಿಯುತ್ತದೆ.

ಮೂರು ಜಾಗ ಪರೀಕ್ಷಿಸಿ, ಇದೇ ಕ್ರಮದಲ್ಲಿ. ಕಡಿಮೆ ಬಿಚ್ಚುವ ಕೆಲಸ ಮೊದಲು. ಪ್ರತಿ ಸಲವೂ ನಟರಿಗೆ ಒಳಗಿನ ವೇಸ್ಟ್‌ಕೋಟಿನ ಸಮೇತ ತೊಡಿಸಿ, ಕತ್ತಿ ಹಿಡಿದವರಂತೆ ಎರಡೂ ಕೈ ಮುಂದಕ್ಕೆ ಚಾಚಲು ಹೇಳಿ ನೋಡಿ.

ಮೊದಲಿಗೆ ಲೈನಿಂಗಿನ ಕೆಳ ಅಂಚಿನ ಹೊಲಿಗೆ ಮಾತ್ರ ಬಿಚ್ಚಿ. ಸುರುಳಿಕೊಂಡಿದ್ದ ಅಂಚು ತಾನಾಗಿ ನೆಟ್ಟಗಾದರೆ ಲೈನಿಂಗ್ ಉದ್ದ ಸಾಲದು ಎಂದರ್ಥ. ಇವತ್ತಿನ ಕೋಟುಗಳಲ್ಲಿ ಲೈನಿಂಗನ್ನು ಅಂಚಿನಿಂದ ಮುಕ್ಕಾಲು ಇಂಚು ಮೇಲೆ ನಿಲ್ಲಿಸಿ, ಅಲ್ಲೇ ಅರ್ಧ ಇಂಚಿನ ಸಡಿಲ ಮಡಿಕೆ ಬಿಡುತ್ತಾರೆ. ನಿಮ್ಮ ಕೋಟಿಗೆ ಅದು ನಡೆಯದು. ಆ ಕಾಲದ ಬ್ರಿಟಿಷ್ ಪದಾತಿ ಕೋಟುಗಳಲ್ಲಿ ಕೆಳಭಾಗದ ಮೂಲೆಗಳನ್ನು ಹಿಂದಕ್ಕೆ ಮಡಚಿ ಸಿಕ್ಕಿಸುತ್ತಿದ್ದರು, ಹಾಗಾಗಿ ಲೈನಿಂಗ್ ಪ್ರೇಕ್ಷಕರಿಗೆ ಎದ್ದು ಕಾಣುತ್ತದೆ. ಅದು ಅಂಚಿನವರೆಗೂ ಬರಲೇಬೇಕು. ಬೇಕಾದ ಸಡಿಲವನ್ನು ಸೊಂಟದ ಹತ್ತಿರ ಕೊಡಿ: ಲೈನಿಂಗನ್ನು ಸೊಂಟದ ಗೆರೆಯಲ್ಲಿ ಅಡ್ಡಕ್ಕೆ ಕತ್ತರಿಸಿ, 3 ಇಂಚು ಅಗಲದ ಪಟ್ಟಿ ಕೂಡಿಸಿ. ಎರಡು ಹೊಲಿಗೆಗಳಲ್ಲೂ ಪಟ್ಟಿಯಿಂದ ಅರ್ಧ, ಲೈನಿಂಗಿನಿಂದ ಅರ್ಧ ಇಂಚು ಮಾರ್ಜಿನ್ (ಹೊಲಿಗೆಯಾಚೆ ಬಿಡುವ ಬಟ್ಟೆ) ಕಳೆದು 1 ಇಂಚು ಉದ್ದ ಸಿಗುತ್ತದೆ. ಇದು ತೇಪೆಯಾಯಿತಲ್ಲ ಎಂದು ಬೇಸರ ಬೇಡ. 18ನೇ ಶತಮಾನದ ಕೋಟುಗಳಲ್ಲಿ ಮೇಲ್ಭಾಗಕ್ಕೆ ಲಿನನ್, ಕೆಳಭಾಗಕ್ಕೆ ರೇಷ್ಮೆ ಅಥವಾ ಉಣ್ಣೆ ಎಂದು ಬೇರೆ ಬೇರೆ ಲೈನಿಂಗ್ ಹಾಕಿ ನಡುವೆ ಜೋಡಿಸುವುದು ಮಾಮೂಲಿಯಾಗಿತ್ತು.

ಕೂಡಿಸಿದ ತಕ್ಷಣ ಅಂಚು ಹೊಲಿಯಬೇಡಿ. ಕೆಳಗೆ ಹರಡಿಕೊಳ್ಳುವ ಭಾಗದಲ್ಲಿ ಬಟ್ಟೆಯ ಎಳೆ ಕ್ರಾಸ್ (ಓರೆ) ಆಗಿರುತ್ತದೆ, ನೇತುಹಾಕಿದರೆ ಇಳಿಯುತ್ತದೆ. ಟೆರಿವುಲ್ ಇಳಿದಷ್ಟು ಕೇಂಬ್ರಿಕ್ ಇಳಿಯುವುದಿಲ್ಲ. ಭುಜ ಅಗಲವಿರುವ ಹ್ಯಾಂಗರಿನಲ್ಲಿ 2 ದಿನ ತೂಗುಹಾಕಿ. ಆಮೇಲೆ ನಟರ ಮೈಮೇಲೇ ಗುಂಡುಪಿನ್ನು ಚುಚ್ಚಿಕೊಳ್ಳಿ, ನಡುಬೆನ್ನಿನ ಸೀಳಿನಿಂದ ಶುರುಮಾಡಿ ಮುಂದಕ್ಕೆ. ಲೈನಿಂಗ್ ಹೊರ ಅಂಚಿನಿಂದ ಒಂದು ನೂಲಿನಷ್ಟು ಒಳಗಿರಲಿ. ಕೈಹೊಲಿಗೆ, ಇಂಚಿಗೆ 8 ಟಾಕಾ ಸಾಕು. ಪಕ್ಕದ ನೆರಿಗೆಗಳಲ್ಲಿ ಲೈನಿಂಗ್ ಮತ್ತು ಹೊರಬಟ್ಟೆಯನ್ನು ಮೊದಲು ಒಂದಾಗಿ ಕಚ್ಚಾ ಹಾಕಿ, ಆಮೇಲೆ ಎರಡನ್ನೂ ಒಟ್ಟಿಗೇ ನೆರಿಗೆ ಹಿಡಿಯಿರಿ. ಬೇರೆ ಬೇರೆಯಾಗಿ ಹಿಡಿದರೆ ಸೊಂಟದ ಪಕ್ಕದಲ್ಲಿ ಗಂಟು ಕಟ್ಟಿದ ಹಾಗೆ ಉಬ್ಬುತ್ತದೆ.

ಎರಡನೆಯದು ಕಂಕುಳು. ಕೋಟು ಮೇಲೇರುವುದಕ್ಕೆ ಬಹುಪಾಲು ಇದೇ ಕಾರಣ. ಆರ್ಮ್‌ಹೋಲಿನ (ತೋಳು ಕೂಡುವ ಸುತ್ತಿನ) ಕೆಳಭಾಗದಲ್ಲಿ ಹೊರಬಟ್ಟೆಯ ಮಾರ್ಜಿನ್ ಮೇಲ್ಮುಖವಾಗಿ ಎದ್ದು ನಿಂತಿರುತ್ತದೆ. ಲೈನಿಂಗ್ ಆ ಗೋಡೆಯನ್ನು ಹತ್ತಿ ಇಳಿಯಬೇಕು. ಅದಕ್ಕೇ ಲೈನಿಂಗ್ ಕತ್ತರಿಸುವಾಗ ಕಂಕುಳಲ್ಲಿ ಬೆನ್ನು-ಎದೆ ತುಂಡುಗಳನ್ನು ಅರ್ಧ ಇಂಚು, ತೋಳಿನ ತುಂಡನ್ನು ಮುಕ್ಕಾಲು ಇಂಚು ಎತ್ತರಿಸಬೇಕಿತ್ತು. ಈಗ ಕತ್ತರಿಸಿದ ಬಟ್ಟೆ ಬೆಳೆಯುವುದಿಲ್ಲ, ಗೋಡೆಯನ್ನೇ ತಗ್ಗಿಸಿ: ಪಕ್ಕದ ಹೊಲಿಗೆಯಿಂದ ಆಚೆಗೆ 3, ಈಚೆಗೆ 3 ಇಂಚು ಲೈನಿಂಗ್ ಬಿಚ್ಚಿ, ಎದ್ದುನಿಂತ ಮಾರ್ಜಿನ್ ಮುಕ್ಕಾಲು ಇಂಚಿದ್ದರೆ ಅರ್ಧದಷ್ಟು ಕತ್ತರಿಸಿ, ಎಳೆ ಬಿಡದಂತೆ ಕೈಯಲ್ಲಿ ಸುತ್ತುಹೊಲಿಗೆ ಹಾಕಿ. ಲೈನಿಂಗಿನದೂ ಕಾಲು ಇಂಚು ಮಾತ್ರ ಒಳಮಡಚಿ ಮತ್ತೆ ಹೊಲಿಯಿರಿ. ಎರಡೂ ಸೇರಿ ಅರ್ಧ ಇಂಚಿಗೂ ಹೆಚ್ಚು ಬಿಡುವು ಸಿಗುತ್ತದೆ. ಆರ್ಮ್‌ಹೋಲನ್ನೇ ಕೆಳಕ್ಕೆ ಕೊರೆಯುವ ಆಸೆ ಮಾತ್ರ ಬೇಡ. ಅದು ಕೆಳಗಿಳಿದಷ್ಟೂ ಕೈ ಎತ್ತಿದಾಗ ಕೋಟು ಇನ್ನೂ ಜಾಸ್ತಿ ಏರುತ್ತದೆ. ಆ ಕಾಲದ ಕೋಟುಗಳ ಆರ್ಮ್‌ಹೋಲ್ ಚಿಕ್ಕದಾಗಿ, ಕಂಕುಳಿಗೆ ಒತ್ತಿಕೊಂಡಂತೆ ಇರುತ್ತಿದ್ದದ್ದು ಸುಮ್ಮನೆ ಅಲ್ಲ.

ಇಷ್ಟಾದರೂ ಬೆನ್ನಿನ ಅಡ್ಡ ಸುಕ್ಕು ಹೋಗದಿದ್ದರೆ ಮೂರನೆಯದು: ಲೈನಿಂಗಿನ ನಡುಬೆನ್ನಿನ ಹೊಲಿಗೆಯನ್ನು ಕತ್ತಿನಿಂದ 2 ಇಂಚು ಕೆಳಗೆ ಶುರುಮಾಡಿ ಸೊಂಟದವರೆಗೆ ಬಿಚ್ಚಿ. ಕೈ ಚಾಚಿದಾಗ ಅದು ಬಾಯಿ ಬಿಡುತ್ತದೆ. ಹಳೆಯ ಹೊಲಿಗೆಯ ಗೆರೆಗಳ ನಡುವೆ ಟೇಪು ಹಿಡಿಯಿರಿ. ಮುಕ್ಕಾಲು ಇಂಚು ಬಂತು ಅಂದುಕೊಳ್ಳಿ. ಅದಕ್ಕೆ ಸಡಿಲಕ್ಕೆಂದು 1 ಇಂಚು, ಪಟ್ಟಿಯ ಮಾರ್ಜಿನ್ನಿಗೆ 1 ಇಂಚು ಸೇರಿಸಿ. ಒಟ್ಟು ಎರಡೂ ಮುಕ್ಕಾಲು ಇಂಚಿನ ಪಟ್ಟಿ ಕೂಡಿಸಿ. ಸಡಿಲವನ್ನು ನಡುವೆ ಮಡಿಕೆ ಮಾಡಿ ಮೇಲೆ-ಕೆಳಗೆ ಮಾತ್ರ ಟಾಕಾ ಹಾಕಿ, ನಡುವೆ ತೆರೆದಿರಲಿ. ಬೆನ್ನಿನ ಈ ಮಡಿಕೆ 18ನೇ ಶತಮಾನದ ಪದ್ಧತಿಯಲ್ಲ. ಆದರೆ ಕೋಟಿನ ಒಳಬೆನ್ನು ಕಲಾಕ್ಷೇತ್ರದ ಮೊದಲ ಸಾಲಿಗೂ ಕಾಣುವುದಿಲ್ಲ.

ಇನ್ನೊಂದು ಅನುಮಾನ. ಕೇಂಬ್ರಿಕನ್ನು ನೆನೆಸಿ ಒಣಗಿಸದೆ ಕತ್ತರಿಸಿದ್ದೀರಾ? ನೆನೆಸದ ಹತ್ತಿ ಬಟ್ಟೆ ಮೀಟರಿಗೆ 3ರಿಂದ 5 ಸೆಂ.ಮೀ. ಕುಗ್ಗಬಲ್ಲದು. ಹಬೆ ಇಸ್ತ್ರಿ ಹಾಕಿದ ದಿನದಿಂದಲೇ ಸುಕ್ಕು ಶುರುವಾಗಿದ್ದರೆ ಇದೂ ಸೇರಿಕೊಂಡಿದೆ. ಪಟ್ಟಿಗೆಂದು ತರುವ ಹೊಸ ಬಟ್ಟೆಯನ್ನಾದರೂ ರಾತ್ರಿಯಿಡೀ ನೆನೆಸಿ.

ಮುಂದಿನ ಕೋಟಿಗೆ ಒಂದು ಮಾತು: ದಿಂಬಿನ ಗವಸಿನ ಹಾಗೆ ಎರಡನ್ನೂ ಎದುರುಬದುರಿಟ್ಟು ಮೆಶಿನ್ ಓಡಿಸಿ ತಿರುಗಿಸಬೇಡಿ. ಬೇಗ ಮುಗಿಯುತ್ತದೆ ನಿಜ, ಆದರೆ ಎಲ್ಲಿ ಎಷ್ಟು ಸಡಿಲ ಬೇಕೆಂದು ಮೈಮೇಲೆ ನೋಡಿ ಕೊಡುವ ಅವಕಾಶವೇ ಇರುವುದಿಲ್ಲ.

ಪ್ರಶ್ನೆ: ಇಂಥದ್ದೇ ಕೋಟಿನ ತೋಳಿನ ಲೈನಿಂಗ್ ಒಳಗೆ ತಿರುಚಿಕೊಳ್ಳುತ್ತದೆ. ಕೈ ಹಾಕಿದಾಗಲೆಲ್ಲ ಮಣಿಕಟ್ಟಿನ ಬಳಿ ಹೊರಗೆ ಇಣುಕುತ್ತದೆ.
– ಮಲ್ಲೇಶ್ವರದ ಓದುಗರು

ಉತ್ತರ: ತೋಳನ್ನು ಒಳಹೊರಗು ಮಾಡಿ ಮೊಣಕೈಯ ಹತ್ತಿರ ನೋಡಿ. ಈ ಕೋಟಿನ ತೋಳು ಎರಡು ತುಂಡಿನದು, ಮೊಣಕೈಯಲ್ಲಿ ಬಾಗಿರುತ್ತದೆ. ಲೈನಿಂಗಿನ ಬಾಗು ಹೊರಬಟ್ಟೆಯ ಬಾಗಿಗಿಂತ ಮೇಲೆ ಕೆಳಗೆ ಆಗಿದ್ದರೆ, ಅಥವಾ ಎಡಗೈ ಲೈನಿಂಗ್ ಬಲಗೈಗೆ ಸೇರಿದ್ದರೆ (ಕತ್ತರಿಸಿದ ಮೇಲೆ ಗುರುತು ಹಾಕದಿದ್ದರೆ ಇದು ಸುಲಭವಾಗಿ ಆಗುತ್ತದೆ) ತಿರುಚಿಯೇ ತಿರುಚುತ್ತದೆ. ಅಂಥ ಲೈನಿಂಗ್ ತೆಗೆದು ಮತ್ತೆ ಹಾಕುವುದೇ ದಾರಿ.

ಬಾಗು ಸರಿಯಿದ್ದರೆ ಕೆಲಸ ಸಣ್ಣದು. ಲೈನಿಂಗಿನ ಹಿಂದಿನ ಹೊಲಿಗೆಯ ಮಾರ್ಜಿನ್ನನ್ನು ತೋಳಿನ ಮಾರ್ಜಿನ್ನಿಗೆ ಸಡಿಲವಾದ ಉದ್ದ ಟಾಕಾಗಳಿಂದ ಕೂಡಿಸಿ, ಆರ್ಮ್‌ಹೋಲಿನಿಂದ 3 ಇಂಚು ಕೆಳಗೆ ಶುರುವಾಗಿ ಮಣಿಕಟ್ಟಿಗೆ 4 ಇಂಚು ಮುಂಚೆ ನಿಲ್ಲಲಿ. ದಾರ ಎಳೆದು ಬಿಗಿಮಾಡಬೇಡಿ. ಇಣುಕುವುದಕ್ಕೆ, ಲೈನಿಂಗನ್ನು ತೋಳಿನ ಅಂಚಿನಿಂದ ಮುಕ್ಕಾಲು ಇಂಚು ಒಳಗೆ ಹೊಲಿದು, ಮಿಕ್ಕ ಅರ್ಧ ಇಂಚು ಅಲ್ಲೇ ಮಡಿಕೆಯಾಗಿ ಬೀಳಲು ಬಿಡಿ. ಅಗಲವಾದ ಕಫ್ ಇದ್ದರೆ ಇದೆಲ್ಲ ಅದರಡಿ ಮುಚ್ಚಿಹೋಗುತ್ತದೆ.

ತೋಳಿಗೆ ಹತ್ತಿ ಬಟ್ಟೆ ಹಾಕಿದ್ದರೆ ಒಳಗಿನ ಅಂಗಿಯ ತೋಳಿಗೆ ಕಚ್ಚಿಕೊಳ್ಳುತ್ತದೆ. ದೃಶ್ಯದ ನಡುವೆ ಬಟ್ಟೆ ಬದಲಾಯಿಸಬೇಕಾದರೆ ತೋಳಿಗೆ ಮಾತ್ರ ಜಾರುವ ಕ್ರೇಪ್ ಹಾಕಿ. ಚಿಕ್ಕಪೇಟೆಯಲ್ಲಿ ಬರೀ "ಕೋಟ್ ಲೈನಿಂಗ್" ಎಂದರೆ ಹೊಳೆಯುವ ಪಾಲಿಯೆಸ್ಟರ್ ಕೊಟ್ಟುಬಿಡಬಹುದು. ದೀಪದ ಬೆಳಕಿಗೆ ಅದು ಕಣ್ಣಿಗೆ ಹೊಡೆಯುತ್ತದೆ, ಮಂಕು ಬಣ್ಣದ್ದನ್ನೇ ಕೇಳಿ.

ಪ್ರಶ್ನೆ: ದಸರಾ ಮೆರವಣಿಗೆಗೆ ಮೈಸೂರು ದರ್ಬಾರಿನ ಕಪ್ಪು ನಿಲುವಂಗಿ ಕೋಟು ಹೊಲಿದೆವು. ಗುಂಡಿ ಹಾಕಿದರೆ ಎದೆ ಒಂದು ಪಕ್ಕಕ್ಕೆ ವಾಲುತ್ತದೆ. ಲೈನಿಂಗ್ ತಪ್ಪೇ?
– ಜಯನಗರದ ಓದುಗರು

ಉತ್ತರ: ಇರಬಹುದು. ಕತ್ತಿನವರೆಗೆ ಗುಂಡಿ ಇರುವ ಕೋಟಿನಲ್ಲಿ ಎಡ-ಬಲ ಲೈನಿಂಗಿನ ಉದ್ದದಲ್ಲಿ ಕಾಲು ಇಂಚು ವ್ಯತ್ಯಾಸವಾದರೂ ಎದುರಿಗೆ ಕಾಣುತ್ತದೆ. ಕೋಟನ್ನು ಮೇಜಿನ ಮೇಲೆ ಮುಖ ಮೇಲಾಗಿ ಹಾಸಿ, ಗುಂಡಿ ಹಾಕದೆ, ಎರಡೂ ಮುಂಭಾಗದ ಅಂಚು ಅಳೆಯಿರಿ. ಉದ್ದ ಒಂದೇ ಇದ್ದರೆ ಗುಂಡಿಗಳ ಜಾಗ ತಪ್ಪಿದೆ, ಲೈನಿಂಗ್ ಮುಟ್ಟಬೇಡಿ. ಉದ್ದ ಬೇರೆ ಬೇರೆ ಇದ್ದರೆ, ಚಿಕ್ಕದಿರುವ ಪಕ್ಕದಲ್ಲಿ ಲೈನಿಂಗಿನ ಮುಂಅಂಚನ್ನು ಕಾಲರಿನ ಕೆಳಗಿನಿಂದ ಕೊನೆಯ ಗುಂಡಿಯವರೆಗೆ ಬಿಚ್ಚಿ, ಹೊರಬಟ್ಟೆಯನ್ನು ಹಾಗೇ ಚಪ್ಪಟೆ ಬಿಟ್ಟು, ಲೈನಿಂಗನ್ನು ಕೆಳಗಿನಿಂದ ಮೇಲಕ್ಕೆ ಮತ್ತೆ ಪಿನ್ ಮಾಡುತ್ತ ಬನ್ನಿ. ಕೊರತೆ ಕತ್ತಿನ ಹತ್ತಿರ ಬಂದು ನಿಲ್ಲುತ್ತದೆ. ಅಲ್ಲಿ ಕಾಲರಿನೊಳಗಿನ ಮಾರ್ಜಿನ್ ಬಿಟ್ಟುಕೊಟ್ಟರೆ ಆಯಿತು.