ಓದುಗರ ಪ್ರಶ್ನೆ: ಗುಡ್ಡದ ಮೇಲಿನ ಚಾಪೆಲ್, ಊರೊಳಗಿನ ಮಠ

ಪ್ರಶ್ನೆ: ಮುಂದಿನ ತಿಂಗಳು ಅಮ್ಮನನ್ನು ಕರೆದುಕೊಂಡು ಮಂಗಳೂರಿಗೆ ಹೊರಟಿದ್ದೇವೆ. ಅಲೋಶಿಯಸ್ ಕಾಲೇಜಿನ ಚಾಪೆಲ್‌ನಲ್ಲಿ ಗೋಡೆ, ಛಾವಣಿ ತುಂಬ ಚಿತ್ರಗಳಿವೆಯಂತೆ. ನಾವು ಕ್ರೈಸ್ತರಲ್ಲ. ಒಳಗೆ ಹೋಗಬಹುದಾ? ಆ ಕಥೆಗಳು ಗೊತ್ತಿಲ್ಲದ ನಮ್ಮಂಥವರಿಗೆ ಅಲ್ಲಿ ನೋಡಲು ಏನಿದೆ?
— ಓದುಗರೊಬ್ಬರು, ವಿದ್ಯಾನಗರ, ಹುಬ್ಬಳ್ಳಿ

ಉತ್ತರ: ಧಾರಾಳವಾಗಿ ಹೋಗಿ ತಂಗಿ. ನಾನು ಮೂರು ಸಲ ಹೋಗಿದ್ದೇನೆ, ಯಾರೂ ನನ್ನ ಧರ್ಮ ಕೇಳಿಲ್ಲ. ಪ್ರಾರ್ಥನೆ ನಡೆಯುತ್ತಿದ್ದರೆ ಮುಗಿಯುವ ತನಕ ಹೊರಗೆ ನಿಲ್ಲಿ. ನಾನು ಹೋದಾಗ ಒಳಗೆ ಫೋಟೊ ತೆಗೆಯಲು ಬಿಟ್ಟಿರಲಿಲ್ಲ. ಫೋನ್ ಚೀಲದಲ್ಲೇ ಇರಲಿ. ಚಾಪೆಲ್ ಇರುವುದು ಲೈಟ್‌ಹೌಸ್ ಹಿಲ್ ಮೇಲೆ. ಅಮ್ಮನಿಗೆ ಮೊಣಕಾಲು ನೋವಿದ್ದರೆ ಆಟೊ ಮಾಡಿಕೊಂಡು ಹೋಗಿ.

ಮೊದಲ ಸಲ ನಾನು ಹೋದದ್ದು ಶಾಲೆಯ ಪ್ರವಾಸದಲ್ಲಿ. ಆಗ ಧಾರವಾಡದಲ್ಲಿ ಡ್ರಾಯಿಂಗ್ ಮಾಸ್ತರ್ ಆಗಿದ್ದೆ. ಹೊರಗಿನಿಂದ ಅದು ಸಾದಾ ಕಟ್ಟಡ. ಇದನ್ನು ತೋರಿಸಲು ಇಷ್ಟು ದೂರ ಕರೆತಂದರಾ ಸರ್ ಎಂದು ಒಬ್ಬ ಹುಡುಗ ಕೇಳಿಯೇ ಬಿಟ್ಟ. ರಾತ್ರಿಯೆಲ್ಲ ಬಸ್ಸಿನಲ್ಲಿ ಕೂಗಾಡಿದ್ದ ಮಕ್ಕಳು ಅವು. ಒಳಗೆ ಕಾಲಿಟ್ಟ ಮೇಲೆ ಒಬ್ಬರೂ ಮಾತಾಡಲಿಲ್ಲ. ಎಲ್ಲರೂ ಕತ್ತು ಮೇಲೆತ್ತಿ ನಿಂತುಬಿಟ್ಟರು.

ಕಾಲೇಜು ಶುರುವಾದದ್ದು 1880ರಲ್ಲಿ. ಕೆಲವೇ ವರ್ಷಗಳಲ್ಲಿ ಚಾಪೆಲ್ ಎದ್ದಿತು. ಚಿತ್ರ ಬರೆದವರು ಆಂತೋನಿಯೊ ಮೊಸ್ಕೇನಿ. ಇಟಲಿಯ ಬೆರ್ಗಾಮೊ ಹತ್ತಿರದ ಹಳ್ಳಿಯವರು, ಜೆಸ್ವಿಟ್ ಎಂಬ ಕ್ಯಾಥೊಲಿಕ್ ಸನ್ಯಾಸಿ ಸಂಘದ ಬ್ರದರ್, ಅಂದರೆ ಪಾದ್ರಿಯಲ್ಲದ ಸನ್ಯಾಸಿ. 1900ರ ಆಸುಪಾಸಿನಲ್ಲಿ ಸುಮಾರು ಎರಡು ವರ್ಷ ಇಲ್ಲಿ ಕೆಲಸ ಮಾಡಿದರು. 1905ರಲ್ಲಿ ಕೊಚ್ಚಿಯಲ್ಲಿ ತೀರಿಕೊಂಡರು. ಆಗ ಅವರಿಗೆ 51 ವರ್ಷ.

ಗೋಡೆಯ ಮೇಲಿನವು ಫ್ರೆಸ್ಕೊ. ಅಂದರೆ ಸುಣ್ಣದ ಗಾರೆ ಹಸಿಯಾಗಿರುವಾಗಲೇ ಬಣ್ಣ ಹಚ್ಚುವುದು. ಸುಣ್ಣ ಗಾಳಿ ಕುಡಿದು ಗಟ್ಟಿಯಾಗುವಾಗ ಬಣ್ಣವನ್ನೂ ತನ್ನೊಳಗೆ ಹಿಡಿದುಕೊಳ್ಳುತ್ತದೆ. ಆ ದಿನ ಎಷ್ಟು ಬರೆಯಬಹುದೋ ಅಷ್ಟೇ ಜಾಗಕ್ಕೆ ಗಾರೆ ಮೆತ್ತಬೇಕು. ಒಣಗಿದ ಮೇಲೆ ತಿದ್ದುವುದು ಬಹಳ ಕಷ್ಟ. ಛಾವಣಿಯ ಚಿತ್ರಗಳು ಬೇರೆ, ಅವು ಕ್ಯಾನ್ವಾಸಿನ ಮೇಲಿನ ತೈಲಚಿತ್ರಗಳು. ಛಾವಣಿಯ ಇಳಿಜಾರಿನಲ್ಲಿ ಯೇಸುವಿನ ಶಿಷ್ಯರಿದ್ದಾರೆ, ಹೂಮಾಲೆ ಹಿಡಿದ ಪುಟ್ಟ ದೇವದೂತರಿದ್ದಾರೆ. ಅಮ್ಮನಿಗೆ ಆ ಮಾಲೆಗಳು ಖಂಡಿತ ಇಷ್ಟವಾಗುತ್ತವೆ.

ಕಥೆ ಗೊತ್ತಿಲ್ಲ ಅಂದಿರಿ. ಒಂದನ್ನು ಹೇಳುತ್ತೇನೆ, ಅಮ್ಮನಿಗೂ ಹೇಳಿ. ಛಾವಣಿಯ ನಡುವಿನ ಸಾಲಿನಲ್ಲಿರುವುದು ಅಲೋಶಿಯಸ್ ಗೊನ್ಸಾಗನ ಬದುಕು. ಕಾಲೇಜಿಗೆ ಇಟ್ಟಿರುವುದು ಈ ಸಂತನ ಹೆಸರನ್ನೇ. 1568ರಲ್ಲಿ ದೊಡ್ಡ ಜಹಗೀರಿನ ಮನೆಯಲ್ಲಿ ಹಿರಿಮಗನಾಗಿ ಹುಟ್ಟಿದ ಹುಡುಗ. ಬರಬೇಕಾದ ಆಸ್ತಿ, ಅಧಿಕಾರವನ್ನೆಲ್ಲ ತಮ್ಮನಿಗೆ ಬಿಟ್ಟುಕೊಟ್ಟು ಸನ್ಯಾಸಕ್ಕೆ ಹೋದ. ರೋಮ್‌ನಲ್ಲಿ ಪ್ಲೇಗ್ ಪಿಡುಗು ಬಂದಾಗ ರೋಗಿಗಳ ಸೇವೆಗೆ ನಿಂತ, ಅದೇ ರೋಗ ತಗುಲಿ 1591ರಲ್ಲಿ ಸತ್ತ. 23 ವರ್ಷ ಅಷ್ಟೇ. ಅವನು ರೋಗಿಗಳ ನಡುವೆ ಇರುವ ಚಿತ್ರದ ಕೆಳಗೆ ನಾನು ಬಹಳ ಹೊತ್ತು ಕೂತಿದ್ದೆ. ಮೊಸ್ಕೇನಿ ಕುಂಚ ಹಿಡಿಯುವ ಮುಂಚಿನ ವರ್ಷ, 1898ರಲ್ಲಿ, ನಿಮ್ಮ ಹುಬ್ಬಳ್ಳಿಯಲ್ಲೇ ಪ್ಲೇಗ್ ಮನೆಮನೆ ಹೊಕ್ಕಿತ್ತು. ‘ಇಲಿ ಬಿತ್ತಂದ್ರ ಊರು ಖಾಲಿ’ ಅನ್ನುತ್ತಿದ್ದಳು ನಮ್ಮಜ್ಜಿ. ಜನ ಹೊಲದಲ್ಲಿ ಗುಡಿಸಲು ಹಾಕಿಕೊಂಡು ಇರುತ್ತಿದ್ದರಂತೆ. ಹಾಗಿರುವಾಗ ಆ ಹುಡುಗ ರೋಗಿಯ ಹತ್ತಿರ ಹೋಗಿದ್ದನಲ್ಲ! ನಮಗೆ ಅರ್ಥವಾಗದ ಕಥೆಯೇನಲ್ಲ ಅದು, ಅಲ್ವಾ?

ಸುಮ್ನೆ ಒಂದು ಸುತ್ತು ಹಾಕಿ ಬರಬೇಡಿ. ಬೆಂಚಿನ ಮೇಲೆ ಅರ್ಧ ಗಂಟೆಯಾದರೂ ಕೂರಿ.

ಪ್ರಶ್ನೆ: ನಮ್ಮೂರ ಮಠದ ಪಡಸಾಲೆ ಗೋಡೆಯ ಮೇಲೆ ಹಳೇ ಚಿತ್ರಗಳಿವೆ. ತೇರು, ಆನೆ, ಶರಣರು. ಈಗ ಬಹಳ ಮಸುಕಾಗಿವೆ, ಒಂದು ಮೂಲೆಯಲ್ಲಿ ಪದರು ಏಳುತ್ತಿದೆ. ಜಾತ್ರೆಯೊಳಗೆ ಆಯಿಲ್ ಪೇಂಟಿನಲ್ಲಿ ಹೊಸದಾಗಿ ಬರೆಸೋಣ ಎನ್ನುತ್ತಾರೆ ಕಮಿಟಿಯವರು. ಮಂಗಳೂರಿನ ಚಾಪೆಲ್‌ನ ಚಿತ್ರಗಳು ಲಕಲಕ ಹೊಳೆಯುವುದನ್ನು ನೋಡಿ ಬಂದಿದ್ದೇನೆ. ಅಲ್ಲಿಯೂ ಮೇಲೆ ಬಣ್ಣ ಹೊಡೆದದ್ದೇ ಅಲ್ವಾ?
— ಓದುಗರೊಬ್ಬರು, ರೋಣ ತಾಲ್ಲೂಕು, ಗದಗ ಜಿಲ್ಲೆ

ಉತ್ತರ: ಅಲ್ಲ ಸರ್. ದಯವಿಟ್ಟು ಆ ಪೇಂಟರನ್ನು ಈಗಲೇ ನಿಲ್ಲಿಸಿ.

ಕಡಲ ತೇವ, ಮಳೆ, ವಯಸ್ಸು ಎಲ್ಲ ಸೇರಿ ಚಾಪೆಲ್‌ನ ಚಿತ್ರಗಳೂ ಸೊರಗಿದ್ದವು. 1990ರ ದಶಕದ ಮೊದಲ ವರ್ಷಗಳಲ್ಲಿ ಹಳೇ ಕಟ್ಟಡ, ಕಲಾಕೃತಿಗಳನ್ನು ಕಾಪಾಡುವ ಇಂಟ್ಯಾಕ್ ಸಂಸ್ಥೆಯ ತಜ್ಞರು ಅವನ್ನು ದುರಸ್ತಿ ಮಾಡಿದರು. ಇಂಥ ಕೆಲಸದಲ್ಲಿ ಬಣ್ಣ ಹಚ್ಚುವುದು ಕೊನೆಗೆ, ಅದೂ ಬಹಳ ಕಡಿಮೆ. ಮೊದಲು ಪ್ರತಿ ಅಂಗುಲದ ಫೋಟೊ ತೆಗೆಯುತ್ತಾರೆ. ನೀರು ಎಲ್ಲಿಂದ ಬರುತ್ತಿದೆ ಎಂದು ಹುಡುಕಿ ಅದನ್ನು ನಿಲ್ಲಿಸುತ್ತಾರೆ. ಎದ್ದ ಪದರಿನ ಹಿಂದೆ ಸಿರಿಂಜಿನಿಂದ ಅಂಟು ಬಿಟ್ಟು ಮೆಲ್ಲಗೆ ಒತ್ತಿ ಕೂರಿಸುತ್ತಾರೆ. ಒಂದು ಸಣ್ಣ ಚೌಕದಲ್ಲಿ ಪರೀಕ್ಷೆ ಮಾಡಿ, ಆಮೇಲೆ ಹತ್ತಿ ಸುತ್ತಿದ ಕಡ್ಡಿಯಿಂದ ಹೊಗೆ, ಮಸಿ, ಹಳೇ ವಾರ್ನಿಶ್ ತೆಗೆಯುತ್ತಾರೆ. ಬಣ್ಣ ಉದುರಿ ಖಾಲಿಯಾದ ಕಡೆ ಮಾತ್ರ ಹೊಸ ಬಣ್ಣ. ಅದನ್ನೂ ಮುಂದೆ ಬೇಕೆಂದರೆ ತೆಗೆಯಲು ಬರುವಂತೆ ಹಚ್ಚುತ್ತಾರೆ. ಮೂಲ ಚಿತ್ರಕಾರನ ಒಂದು ಗೆರೆಯ ಮೇಲೂ ತಮ್ಮ ಕುಂಚ ಆಡಿಸುವುದಿಲ್ಲ. ನೀವು ನೋಡಿದ ಹೊಳಪು ಮೊಸ್ಕೇನಿಯದೇ.

ಇಷ್ಟು ಒತ್ತಿ ಹೇಳಲು ಕಾರಣವಿದೆ. ನಮ್ಮೂರು ಹಾವೇರಿ ಕಡೆಯ ಹಳ್ಳಿ. ಅಲ್ಲಿನ ಗುಡಿಯ ಗೋಡೆಯಲ್ಲಿ ಕೆಮ್ಮಣ್ಣು ಬಣ್ಣದ ಒಂದು ಆನೆ ಇತ್ತು. ಸೊಂಡಿಲು ಎತ್ತಿ ನಿಂತ ಆನೆ. ಪಾಟಿಯ ಮೇಲೆ ನಾನು ಮೊದಲು ಬರೆದ ಚಿತ್ರ ಅದರದೇ. ನಾನು ಮಾಸ್ತರ್ ಆಗಲು ಆ ಆನೆಯೇ ಕಾರಣ ಎಂದರೂ ನಡೆಯುತ್ತದೆ. ಮುಂದೆ ಗುಡಿ ಚೆಂದ ಮಾಡೋಣ ಎಂದು ಎಲ್ಲರೂ ಸೇರಿ ನೀಲಿ ಎನಾಮಲ್ ಹೊಡೆಸಿದರು. ಆ ಸಭೆಯಲ್ಲಿ ನಾನೂ ಕೂತಿದ್ದೆ. ಹಿರಿಯರ ಮುಂದೆ ಹೇಗೆ ಮಾತಾಡುವುದು ಎಂದು ಸುಮ್ಮನಾದೆ. ಮೂರು ಮಳೆಗಾಲ ಕಳೆಯುವಷ್ಟರಲ್ಲಿ ಎನಾಮಲ್ ಗುಳ್ಳೆ ಎದ್ದು ಹಪ್ಪಳದಂತೆ ಉದುರಿತು. ಉದುರಿದ ಚೂರನ್ನು ತಿರುಗಿಸಿ ನೋಡಿದೆ. ಬೆನ್ನಿಗೆ ಕೆಮ್ಮಣ್ಣಿನ ಬಣ್ಣ ಅಂಟಿತ್ತು. ಆ ಚೂರು ಈಗಲೂ ನನ್ನ ಹತ್ತಿರ ಇದೆ.

ಸುಣ್ಣದ ಗೋಡೆ ಉಸಿರಾಡುತ್ತದೆ. ಒಳಗಿನ ತೇವ ಹೊರಗೆ ಹೋಗಬೇಕು. ಎನಾಮಲ್, ಆಯಿಲ್ ಪೇಂಟ್, ಸಿಮೆಂಟ್ ಗಿಲಾವು ಆ ದಾರಿಯನ್ನು ಮುಚ್ಚುತ್ತವೆ. ತೇವ ಉಪ್ಪನ್ನು ಹೊತ್ತು ಚಿತ್ರದ ಹಿಂದೆಯೇ ನಿಲ್ಲುತ್ತದೆ, ಕೊನೆಗೆ ಚಿತ್ರವನ್ನೇ ಕಿತ್ತು ತರುತ್ತದೆ.

ಜಾತ್ರೆಯೊಳಗೆ ಮಾಳಿಗೆ ಸೋರುವುದನ್ನು ನಿಲ್ಲಿಸಿ, ಸಾಕು. ಎಣ್ಣೆ ದೀಪ, ಊದುಬತ್ತಿಯನ್ನು ಗೋಡೆಯಿಂದ ದೂರ ಇಡಿ. ಒದ್ದೆ ಬಟ್ಟೆಯಿಂದ ಒರೆಸಬೇಡಿ, ಪದರು ಎದ್ದ ಮೂಲೆಯನ್ನಂತೂ ಮುಟ್ಟಲೇಬೇಡಿ. ಜಾತ್ರೆಯಲ್ಲಿ ಜನ ಒರಗದಂತೆ ಒಂದು ಹಗ್ಗ ಕಟ್ಟಿ. ಮಠ ಸಂರಕ್ಷಿತ ಕಟ್ಟಡದ ಪಟ್ಟಿಯಲ್ಲಿದ್ದರೆ ಅನುಮತಿ ಇಲ್ಲದೆ ಬಣ್ಣ ಹೊಡೆಯುವಂತೆಯೇ ಇಲ್ಲ. ಪಟ್ಟಿಯಲ್ಲಿ ಇಲ್ಲದಿದ್ದರೂ ರಾಜ್ಯದ ಪುರಾತತ್ವ ಇಲಾಖೆಗೆ ಫೋಟೊ ಸಮೇತ ಪತ್ರ ಬರೆಯಿರಿ. ಕೇಂದ್ರ ಪುರಾತತ್ವ ಇಲಾಖೆಯ ಧಾರವಾಡ ವೃತ್ತದ ಕಚೇರಿ ಇಲ್ಲೇ ಧಾರವಾಡದಲ್ಲಿದೆ, ಅಲ್ಲಿಯೂ ವಿಚಾರಿಸಿ.

ಕಮಿಟಿಯವರು ಕೆಟ್ಟವರಲ್ಲ, ಮಠದ ಮೇಲಿನ ಪ್ರೀತಿಗೇ ಈ ಕೆಲಸಕ್ಕೆ ಹೊರಟಿದ್ದಾರೆ. ಜಗಳ ಬೇಡ. ಸಭೆ ಯಾವತ್ತು ಎಂದು ಪತ್ರಿಕೆಯ ವಿಳಾಸಕ್ಕೆ ಬರೆಯಿರಿ. ಬೆಳಿಗ್ಗೆ ಬಸ್ಸಿಗೆ ಧಾರವಾಡದಿಂದ ಹೊರಟು ಬರುತ್ತೇನೆ. ಆ ನೀಲಿ ಚೂರನ್ನೂ ತರುತ್ತೇನೆ, ಹಿರಿಯರು ಕೈಯಲ್ಲಿ ಹಿಡಿದು ತಿರುಗಿಸಿ ನೋಡಲಿ.