‘ಸಕ್ರಮಗೊಳಿಸು’ ಎಲ್ಲಿ, ‘ಕಾನೂನುಬದ್ಧಗೊಳಿಸು’ ಎಲ್ಲಿ?

ನಿಮ್ಮ ಪ್ರಶ್ನೆ: ‘ಲೀಗಲೈಸ್’ ಅನ್ನೋದಕ್ಕೆ ಕನ್ನಡದಲ್ಲಿ ಯಾವ ಕ್ರಿಯಾಪದ ಬಳಸಬೇಕು? ಕೊಪ್ಪಳದಲ್ಲಿ ಅರ್ಜಿ ಬರೆದುಕೊಡುವಾಗ ಎಲ್ಲರೂ ‘ಸಕ್ರಮ’ ಅಂತಾರೆ, ಪೇಪರಿನಲ್ಲಿ ‘ಕಾನೂನುಬದ್ಧಗೊಳಿಸು’ ಅಂತ ಬರುತ್ತೆ, ಎರಡೂ ಒಂದೇನಾ?

ಒಂದೇ ಅಲ್ಲ. ಅರ್ಜಿಯಲ್ಲಿ ಅದಲುಬದಲಾದರೆ ನಿಮಗೇ ಪೆಟ್ಟು.

‘ಸಕ್ರಮ’ ಅಂದ ಕೂಡಲೇ ಅದರ ಹಿಂದೊಂದು ‘ಅಕ್ರಮ’ ಇದ್ದೇ ಇರುತ್ತದೆ. ಕೆಲಸ ಮೊದಲೇ ಆಗಿಹೋಗಿದೆ, ಅದೂ ಪರವಾನಗಿ ಇಲ್ಲದೆ. ಈಗ ಸರ್ಕಾರ ಅದನ್ನು ಕ್ರಮಕ್ಕೆ ತರುತ್ತಿದೆ. ಬಗರ್ ಹುಕುಂ ಇದಕ್ಕೆ ಹೇಳಿ ಮಾಡಿಸಿದ ಉದಾಹರಣೆ. ಉರ್ದುವಿನಲ್ಲಿ ‘ಬಗೈರ್’ ಅಂದರೆ ಇಲ್ಲದೆ, ‘ಹುಕುಂ’ ಅಂದರೆ ಆದೇಶ. ನಿಜಾಮರ ಸೀಮೆಯಾಗಿದ್ದ ರಾಯಚೂರು, ಕೊಪ್ಪಳದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಸರ್ಕಾರಿ ಜಮೀನನ್ನು ಆದೇಶವಿಲ್ಲದೆ ಉಳುಮೆ ಮಾಡಿಕೊಂಡವರಿಗೆ 1964ರ ಭೂಕಂದಾಯ ಕಾಯ್ದೆಯಡಿ ನಮೂನೆ 50, 53, 57 ಬಂದವು. ಮೊದಲೆರಡಕ್ಕೆ 14-4-1990ಕ್ಕಿಂತ ಮುಂಚಿನ ಸಾಗುವಳಿ ಬೇಕು, 57ಕ್ಕೆ 1-1-2005ಕ್ಕಿಂತ ಮುಂಚಿನದು. ತಾಲ್ಲೂಕಿನ ಸಮಿತಿಯ ಮುಂದೆ ಅರ್ಜಿ ಹೋಗಿ, ಮಂಜೂರಾಗಿ, ಕಿಮ್ಮತ್ತು ಕಟ್ಟಿ, ಸಾಗುವಳಿ ಚೀಟಿ ಕೈಗೆ ಬಂದು, ಪೋಡಿ (ಅಳತೆ ಮಾಡಿ ಹೊಲ ಬೇರ್ಪಡಿಸುವುದು) ಆಗಿ, ಪಹಣಿಯಲ್ಲಿ ಹೆಸರು ಕೂತ ಮೇಲೆ ‘ಸಕ್ರಮ ಆಯ್ತು’ ಅನ್ನಬಹುದು. ಊರಲ್ಲಿ ಮಾತು ಹೀಗೆ ನಡೆಯುತ್ತದೆ:

‘ಹೊಲ ಸಕ್ರಮ ಆತೇನ್ರಿ?’
‘ಕಮಿಟಿಯಾಗ ಪಾಸ್ ಆಗೈತಿ, ಚೀಟಿ ಇನ್ನಾ ಕೊಟ್ಟಿಲ್ರಿ.’

ಎರಡನೆಯವರ ಉತ್ತರದಲ್ಲಿ ‘ಹೌದು’ ಇಲ್ಲ ನೋಡಿ. ಸಮಿತಿ ಒಪ್ಪಿದ ಮಾತ್ರಕ್ಕೆ ಕ್ರಿಯೆ ಮುಗಿಯಲಿಲ್ಲ ಅನ್ನೋದು ಅವರಿಗೆ ಗೊತ್ತು.

ಇನ್ನು, ಈ ಕ್ರಿಯಾಪದದ ಕರ್ತೃ ಯಾರು ಅನ್ನೋದರಲ್ಲಿ ಬಹಳ ಜನ ಎಡವುತ್ತಾರೆ. ಸಕ್ರಮಗೊಳಿಸುವುದು ಸರ್ಕಾರ. ರೈತ ಸಕ್ರಮ ಮಾಡಿಸಿಕೊಳ್ಳುತ್ತಾನೆ. ಜಮೀನು ಸಕ್ರಮಗೊಳ್ಳುತ್ತದೆ. ಆದ್ದರಿಂದ ‘ನಾನು ಜಮೀನನ್ನು ಸಕ್ರಮಗೊಳಿಸಿದ್ದೇನೆ’ ಅಂತ ಬರೆದರೆ ತಹಶೀಲ್ದಾರರ ಕೆಲಸ ನೀವೇ ಮಾಡಿದಂತಾಯಿತು. ಮನವಿಯಲ್ಲಿ ಹೀಗೆ ಬರೆಯಿರಿ: ‘ಸದರಿ 2 ಎಕರೆ 10 ಗುಂಟೆ ಸರ್ಕಾರಿ ಜಮೀನನ್ನು 2003ರಿಂದ ಸಾಗುವಳಿ ಮಾಡಿಕೊಂಡು ಬಂದಿದ್ದು, ನಮೂನೆ 57ರಲ್ಲಿ ಸಲ್ಲಿಸಿದ ಅರ್ಜಿ ಬಾಕಿ ಇರುತ್ತದೆ. ಅದನ್ನು ಪರಿಶೀಲಿಸಿ ಸಕ್ರಮಗೊಳಿಸಿಕೊಡಬೇಕೆಂದು ಕೋರುತ್ತೇನೆ.’ ‘ಗೊಳಿಸಿ’ ಜತೆಗಿನ ಆ ‘ಕೊಡು’ ಇಲ್ಲದಿದ್ದರೆ ವಾಕ್ಯ ಆಜ್ಞೆಯಂತೆ ಕೇಳುತ್ತದೆ.

ಪೆಟ್ಟು ಅಂದೆನಲ್ಲ, ಅದು ಹೀಗೆ ಬೀಳುತ್ತದೆ. ಅಜ್ಜನ ಕಾಲದ ಪಟ್ಟಾ ಜಮೀನು, ಪಹಣಿಯಲ್ಲಿ ಹೆಸರಿನ ಅಕ್ಷರ ತಪ್ಪಾಗಿದೆ ಅಷ್ಟೇ. ಅದಕ್ಕೂ ‘ಸಕ್ರಮ ಮಾಡಿಕೊಡಿ’ ಅಂತ ಬರೆದರೆ, ನಿಮ್ಮ ಸ್ವಂತ ಹೊಲವನ್ನು ನೀವೇ ಒತ್ತುವರಿ ಅಂತ ಒಪ್ಪಿಕೊಂಡ ಹಾಗೆ. ಅಲ್ಲಿ ಬೇಕಾದದ್ದು ‘ತಿದ್ದುಪಡಿ’. ಹೆಸರಿದ್ದವರು ತೀರಿಕೊಂಡು ವಾರಸುದಾರರಿಗೆ ಬದಲಾಯಿಸಬೇಕಿದ್ದರೆ ‘ಪೌತಿ ಖಾತೆ’. ಈ ಎರಡಕ್ಕೂ ಸಕ್ರಮಕ್ಕೂ ಸಂಬಂಧವಿಲ್ಲ.

‘ಅಕ್ರಮ’ ಇದ್ದಲ್ಲೆಲ್ಲ ‘ಸಕ್ರಮ’ ಬರಬೇಕೆಂದೂ ಇಲ್ಲ. ತುಂಗಭದ್ರಾ ಎಡದಂಡೆ ಕಾಲುವೆಯ ಸುದ್ದಿಯನ್ನೇ ತಗೊಳ್ಳಿ. ಮೇಲ್ಭಾಗದಲ್ಲಿ ಕಾಲುವೆಗೆ ಪಂಪ್ ಇಟ್ಟು ನೀರೆತ್ತುವುದಕ್ಕೆ ‘ಅಕ್ರಮ ನೀರಾವರಿ’ ಅಂತಾರೆ. ಮಾನ್ವಿ, ಸಿರವಾರದ ಕೊನೆಭಾಗದ ರೈತರು ಅದನ್ನು ‘ತಡೆಯಿರಿ’ ಅಂತಾರೆಯೇ ಹೊರತು ‘ಸಕ್ರಮಗೊಳಿಸಿ’ ಅನ್ನುವುದಿಲ್ಲ. ವಿದ್ಯುತ್ ಕಂಪನಿ ಜೆಸ್ಕಾಂಗೆ ಹೋಗುವ ‘ಅಕ್ರಮ ಪಂಪ್‌ಸೆಟ್ ಸಕ್ರಮ’ ಬೇರೆ ವಿಚಾರ; ಅದು ಕರೆಂಟಿನ ಸಂಪರ್ಕದ್ದು, ನೀರಿನ ಹಕ್ಕಿನದಲ್ಲ.

‘ಕಾನೂನುಬದ್ಧಗೊಳಿಸು’ ಮುಖ ಮಾಡಿರುವುದು ಮುಂದಕ್ಕೆ. ನಿಷೇಧವಿರುವುದಕ್ಕೆ ಕಾಯ್ದೆ ತಂದು ಅವಕಾಶ ಕೊಡುವುದು ಅದರ ನೇರ ಅರ್ಥ. ಮಾದಕವಸ್ತುಗಳ ಕುರಿತ 1985ರ ಎನ್‌ಡಿಪಿಎಸ್ ಕಾಯ್ದೆಯಡಿ ಗಾಂಜಾ ನಿಷಿದ್ಧ, ‘ಅದನ್ನು ಕಾನೂನುಬದ್ಧಗೊಳಿಸಿ’ ಅನ್ನುವವರು ಕಾಯ್ದೆಯನ್ನೇ ಬದಲಿಸಿ ಅನ್ನುತ್ತಿದ್ದಾರೆ. ಒಬ್ಬರ ಹೊಲದ ಬೆಳೆಯನ್ನು ಸಕ್ರಮ ಮಾಡಿ ಅಂತ ಯಾರೂ ಕೇಳುತ್ತಿಲ್ಲ.

ಆದರೆ ರಾಯಚೂರಿನ ಹತ್ತಿ, ತೊಗರಿ ರೈತರ ಮೆರವಣಿಗೆಯಲ್ಲಿ ‘ಬೆಂಬಲ ಬೆಲೆ ಕಾನೂನುಬದ್ಧಗೊಳಿಸಿ’ ಅನ್ನೋ ಬ್ಯಾನರ್ ಕಂಡರೆ ಅರ್ಥ ಬೇರೆಯಾಗುತ್ತದೆ. ಬೆಂಬಲ ಬೆಲೆ ಯಾವತ್ತೂ ಕಾನೂನಿಗೆ ವಿರುದ್ಧ ಇರಲಿಲ್ಲ. ಅದಕ್ಕೆ ಕಾಯ್ದೆಯ ಬಲ ಕೊಡಿ ಅಂತ ಅವರ ಬೇಡಿಕೆ. ಇಲ್ಲಿ ‘ಶಾಸನಬದ್ಧಗೊಳಿಸಿ’ ಹೆಚ್ಚು ಖಚಿತ. ಬ್ಯಾನರಿಗೆ ಏನಾದರೂ ನಡೆಯುತ್ತೆ, ಮನವಿಪತ್ರಕ್ಕೆ ನಾನಾದರೆ ಇದನ್ನೇ ಬರೆಯುತ್ತೇನೆ.

‘ಅಪರಾಧಮುಕ್ತಗೊಳಿಸು’ವನ್ನೂ ಇದರೊಳಗೆ ಸೇರಿಸಬೇಡಿ. 6-9-2018ರಂದು ಸುಪ್ರೀಂ ಕೋರ್ಟ್ ವಯಸ್ಕರ ನಡುವಿನ ಸಮ್ಮತಿಯ ಸಲಿಂಗ ಸಂಬಂಧವನ್ನು ಭಾರತೀಯ ದಂಡ ಸಂಹಿತೆಯ 377ನೇ ಕಲಮಿನಿಂದ ಹೊರತಂದಾಗ ಆದದ್ದು ಅಷ್ಟೇ: ಅದು ಅಪರಾಧವಲ್ಲ. ಸಲಿಂಗ ವಿವಾಹಕ್ಕೆ ಮಾನ್ಯತೆ ಕೊಡಲು 2023ರ ಅಕ್ಟೋಬರಿನಲ್ಲಿ ಅದೇ ಕೋರ್ಟ್ ಒಪ್ಪಲಿಲ್ಲ. ಶಿಕ್ಷೆ ತೆಗೆಯುವುದು ಒಂದು, ಹಕ್ಕು ಕೊಡುವುದು ಇನ್ನೊಂದು.

ನೌಕರಿ ವಿಷಯದಲ್ಲಿ ಜನರ ಬಾಯಲ್ಲಿ ‘ಕಾಯಂ’, ಕಡತದಲ್ಲಿ ‘ಸೇವೆ ಸಕ್ರಮಾತಿ’. ಸುಪ್ರೀಂ ಕೋರ್ಟಿನ 10-4-2006ರ ಉಮಾದೇವಿ ಪ್ರಕರಣದ ತೀರ್ಪು, ಅದರಲ್ಲೂ ಕಕ್ಷಿದಾರ ಕರ್ನಾಟಕ ಸರ್ಕಾರವೇ, ಇಲ್ಲೊಂದು ಗೆರೆ ಎಳೆಯಿತು. ಮಂಜೂರಾದ ಖಾಲಿ ಹುದ್ದೆ, ತಕ್ಕ ವಿದ್ಯಾರ್ಹತೆ, ಕೋರ್ಟಿನ ಆದೇಶದ ಆಸರೆಯಿಲ್ಲದೆ 10 ವರ್ಷ ದುಡಿಮೆ, ಇಷ್ಟಿದ್ದು ನೇಮಕದ ಕ್ರಮದಲ್ಲಿ ಮಾತ್ರ ಲೋಪವಿದ್ದರೆ ಒಂದು ಬಾರಿಗೆ ಸಕ್ರಮ ಮಾಡಬಹುದು. ನೇಮಕಾತಿಯೇ ಕಾನೂನುಬಾಹಿರವಾಗಿದ್ದರೆ ಆಗದು. ಕನ್ನಡದಲ್ಲಿ ತೊಡಕು ಏನೆಂದರೆ, ಕ್ರಮ ತಪ್ಪಿದ್ದಕ್ಕೂ ಕಾನೂನು ಮೀರಿದ್ದಕ್ಕೂ ನಾವು ‘ಅಕ್ರಮ’ ಅಂದುಬಿಡುತ್ತೇವೆ. ತೀರ್ಪನ್ನು ಅನುವಾದಿಸುವಾಗ ಮೊದಲನೆಯದಕ್ಕೆ ‘ಕ್ರಮಬದ್ಧವಲ್ಲದ’, ಎರಡನೆಯದಕ್ಕೆ ‘ಕಾನೂನುಬಾಹಿರ’ ಅಂತ ಬೇರೆ ಮಾಡದಿದ್ದರೆ ಇಡೀ ತರ್ಕ ಕುಸಿಯುತ್ತದೆ.

ಗಲ್ಫ್‌ಗೆ ಹೋಗುವವರ ಮದುವೆ ಸರ್ಟಿಫಿಕೇಟು, ಡಿಗ್ರಿಗಳ ‘ಲೀಗಲೈಸೇಶನ್’ ಇವ್ಯಾವುದೂ ಅಲ್ಲ. ಅದು ‘ದೃಢೀಕರಣ’, ಸಹಿ ಮತ್ತು ಮೊಹರು ಅಸಲಿ ಅಂತ ಹೇಳುವುದು ಮಾತ್ರ. ಒಳಗಿರುವ ವಿಷಯ ಸುಳ್ಳಿದ್ದರೆ ಮೊಹರು ಬಿದ್ದ ಮಾತ್ರಕ್ಕೆ ನಿಜವಾಗುವುದಿಲ್ಲ.

ಟೈಪ್ ಮಾಡುವಾಗ ‘ಬದ್ದ’, ‘ಭದ್ಧ’ ಎರಡೂ ತಪ್ಪು. ಬ, ಆಮೇಲೆ ದ, ಅದಕ್ಕೆ ಧ ಒತ್ತು: ಬದ್ಧ.